ಒಲೆ ಆರಿಸಿ ಆಸ್ಪತ್ರೆಗೆ ಹೋಗುವುದು ಯಾವಾಗ?

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಬೆಳಗಿನ ತಿಂಡಿ ಹೆಂಗಸರ ಕೈಲಿದೆ. ಇನ್ನೂ ಕತ್ತಲಿರುವಾಗಲೇ ರಸ್ತೆ ಬದಿಯಲ್ಲಿ ಇದ್ದಿಲೊಲೆಗಳು ಹೊತ್ತಿಕೊಳ್ಳುತ್ತವೆ. ಕೂಲಿಯವರು, ಬಸ್ ಕಂಡಕ್ಟರುಗಳು, ಸ್ಕೂಲಿಗೆ ಹೊರಟ ಮಕ್ಕಳು, ಬ್ಯಾಂಕಿನ ಗುಮಾಸ್ತರು, ಎಲ್ಲರೂ ಅಲ್ಲೇ ನಿಂತು ಚಹಾ ಕುಡಿದು, ಏನಾದರೂ ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. 2022ರ ಜನಗಣತಿ ಪ್ರಕಾರ ಇದು 53 ಲಕ್ಷ ದಾಟಿದ ಊರು. ಇಷ್ಟು ಜನಕ್ಕೆ ಹೋಟೆಲುಗಳು ಸಾಲುವುದಿಲ್ಲ. ಸಾಲಿದರೂ ಅಲ್ಲಿನ ರೇಟು ಎಲ್ಲರಿಗೂ ಎಟುಕುವುದಿಲ್ಲ. ಹಾಗಾಗಿ ಮಾಮಾ ಲಿಶೆಗಳು. ಅಡುಗೆ ಮಾಡಿ ಮಾರುವ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ನಾವಿರುವುದು ಉಪಾಂಗಾದಲ್ಲಿ. ಹಳೆಯ ಬಡಾವಣೆ, ಭಾರತದ ಮೂಲದವರು ಜಾಸ್ತಿ. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬಾಕೆ ವಿಟುಂಬುವಾ ಹಾಕುತ್ತಾರೆ. ಹಿಂದಿನ ರಾತ್ರಿ ನೆನೆಸಿದ ಅಕ್ಕಿಗೆ ತೆಂಗಿನ ಹಾಲು, ಸಕ್ಕರೆ, ಏಲಕ್ಕಿ, ಚೂರು ಈಸ್ಟ್ ಸೇರಿಸಿ ರುಬ್ಬಿ, ಹಿಟ್ಟು ಉಬ್ಬಿದ ಮೇಲೆ ಗುಳಿ ಗುಳಿ ಇರುವ ಹಂಚಿಗೆ ಎಣ್ಣೆ ಬಿಟ್ಟು ಹುಯ್ಯುವುದು. ಒಂದು ಕಡೆ ಬೆಂದ ಮೇಲೆ ಕಡ್ಡಿಯಲ್ಲಿ ತಿರುವುವುದು. ದಾವಣಗೆರೆಯವಳಾದ ನನಗೆ ಇದು ಪಡ್ಡಲ್ಲದೆ ಇನ್ನೇನೂ ಅಲ್ಲ, ಸಿಹಿ ಅನ್ನೋದೊಂದು ಬಿಟ್ಟರೆ. ಆಕೆಗೆ ನಮ್ಮನೆಯಲ್ಲಿ ‘ಪಡ್ಡಕ್ಕ’ ಅಂತಲೇ ಹೆಸರು ಬಿದ್ದುಹೋಗಿದೆ. ನಿಜವಾದ ಹೆಸರು ಇಲ್ಲಿ ಬೇಡ. ಈ ಊರಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೂ ಕಮ್ಮಿ. ಮೊದಲ ಮಗುವಿನ ಹೆಸರಿನ ಹಿಂದೆ ‘ಮಾಮಾ’ ಸೇರಿಸಿದರೆ ಅದೇ ಅಮ್ಮನ ಹೆಸರು. ಪಡ್ಡಕ್ಕನಿಗೆ ನಾನೂ ನನ್ನ ಮಗಳ ಅಮ್ಮನೇ.

ಒಂದು ದಿನ ಗಿರಾಕಿ ಇಲ್ಲದ ಹೊತ್ತು ನೋಡಿ ಆಕೆ ಹೇಳಿದರು: "ತಿಂಗಳಿನದು ನಿಂತ ಮೇಲೂ ಮಧ್ಯೆ ಮಧ್ಯೆ ಕಾಣಿಸ್ಕೊಳ್ತಿದೆ ತಂಗಿ. ಗಂಡನ ಜೊತೆ ಮಲಗಿದ ಮಾರನೇ ದಿನ ಅಂತೂ ಖಂಡಿತ." ಎಷ್ಟು ದಿನದಿಂದ ಅಂದೆ. ಮಳೆಗಾಲಕ್ಕೂ ಮುಂಚಿನಿಂದ ಅಂದರು. ನಾದಿನಿಗೆ ಹೇಳಿಲ್ಲ, ಅಕ್ಕಪಕ್ಕದವರಿಗೆ ಹೇಳಿಲ್ಲ, ನನಗೆ ಹೇಳಿದರು. ಹೊರಗಿನವಳಿಗೆ ಹೇಳುವುದು ಸುಲಭ ಅಂತ ಕಾಣುತ್ತದೆ. ನಾನು ಯಾರಿಗೆ ಹೋಗಿ ಹೇಳಲಿ?

ಈಗ ಊರಿನ ನಕ್ಷೆ ಸ್ವಲ್ಪ ನೋಡಿ. ಪಡ್ಡಕ್ಕ ಕೂರುವ ಜಾಗದಿಂದ ಒಂದು ದಿಕ್ಕಿಗೆ ನಡೆದರೆ ಮುಹಿಂಬಿಲಿ, ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆ. ಇನ್ನೊಂದು ದಿಕ್ಕಿಗೆ ಸಮುದ್ರದ ಕಡೆ ಹೋದರೆ ಓಷನ್ ರೋಡ್ ಕ್ಯಾನ್ಸರ್ ಸಂಸ್ಥೆ. ಎರಡೂ ದೂರವೇನಲ್ಲ. ಆದರೆ ಆಸ್ಪತ್ರೆಯಲ್ಲಿ ಸಾಲು ಶುರುವಾಗುವುದೂ ಬೆಳಗ್ಗೆ, ವಿಟುಂಬುವಾ ಖರ್ಚಾಗುವುದೂ ಬೆಳಗ್ಗೆ. ಹತ್ತು ಗಂಟೆ ಮೇಲೆ ಯಾರೂ ಅದನ್ನು ಕೇಳುವುದಿಲ್ಲ. ಹಿಟ್ಟು ಇಟ್ಟರೆ ಹುಳಿ ಬರುತ್ತದೆ. ಒಂದು ದಿನ ಒಲೆ ಹಚ್ಚದಿದ್ದರೆ ಅವತ್ತಿನ ದುಡಿಮೆ ಹೋಯಿತು, ಮಾರನೇ ದಿನದ ಅಕ್ಕಿ ಇದ್ದಿಲಿನ ಬಂಡವಾಳವೂ ಹೋಯಿತು. ಎರಡು ದಿನ ಹಚ್ಚದಿದ್ದರೆ ಗಿರಾಕಿ ಪಕ್ಕದ ಚಪಾತಿಯವಳ ಹತ್ತಿರ ಹೋಗುತ್ತಾರೆ. ತೆಮೆಕೆ ಕಡೆಯಿಂದ ಡಾಲಾಡಾಲಾ ಬಸ್ಸು ಬದಲಾಯಿಸಿಕೊಂಡು ಹೊತ್ತು ಮೂಡುವ ಮುಂಚೆ ಬಂದು ಕೂರುವ ಹೆಂಗಸು ಈ ಲೆಕ್ಕ ಬಿಟ್ಟು ಬೇರೆ ಲೆಕ್ಕ ಹಾಕುವುದಾದರೂ ಹೇಗೆ?

ಹುಷಾರಿಲ್ಲ ಅಂತ ಕಂಪನಿಗೆ ಫೋನು ಮಾಡಿ ಮಲಗುವವರಿಗೂ ಇವರಿಗೂ ಇರುವ ವ್ಯತ್ಯಾಸ ಇಷ್ಟೇ. ಈ ಊರಿನ ಹೆಂಗಸರ ಆರೋಗ್ಯದ ಬಗ್ಗೆ ಮಾತಾಡುವವರು ತಿಳಿವಳಿಕೆ ಇಲ್ಲ, ನಾಚಿಕೆ ಜಾಸ್ತಿ ಅಂತ ಶುರು ಮಾಡುತ್ತಾರೆ. ನಾಚಿಕೆ ಇದೆ, ಇಲ್ಲ ಅನ್ನಲ್ಲ. ನಾನು ನೋಡಿದ ಮಟ್ಟಿಗೆ ನಾಚಿಕೆಗಿಂತ ಮುಂಚೆ ಬರುವುದು ಒಲೆ.

ಓಷನ್ ರೋಡಿನ ಕಟ್ಟಡ ಚೆಂದ ಇದೆ. ಜರ್ಮನ್ನರು ಇಲ್ಲಿ ಆಳುತ್ತಿದ್ದಾಗ, 1897ರಲ್ಲಿ, ಕಟ್ಟಿ ಮುಗಿಸಿದ ಆಸ್ಪತ್ರೆ. ಬಿಳಿ ಗೋಡೆ, ಗುಮ್ಮಟ, ಎದುರಿಗೇ ಹಿಂದೂ ಮಹಾಸಾಗರ. ಕ್ಷಯದ ಕ್ರಿಮಿ ಕಂಡುಹಿಡಿದ ರಾಬರ್ಟ್ ಕಾಕ್ ಮಲೇರಿಯಾ ಅಧ್ಯಯನಕ್ಕೆ ಬಂದಾಗ ಇಲ್ಲಿ ಕೆಲಸ ಮಾಡಿದ್ದರು. ಅಂದು ಅದು ಯುರೋಪಿನವರ ಆಸ್ಪತ್ರೆ. 1996ರಲ್ಲಿ ಕ್ಯಾನ್ಸರ್ ಸಂಸ್ಥೆಯಾಯಿತು. ಇಂದು ಅಲ್ಲಿಗೆ ಬರುವ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರಿನವರೇ ಹೆಚ್ಚು. ಪಡ್ಡಕ್ಕ ಹೇಳಿದಂಥ ರಕ್ತಸ್ರಾವ ಅದರ ಲಕ್ಷಣವೂ ಆಗಿರಬಹುದು. ಈ ಕ್ಯಾನ್ಸರಿನವರಲ್ಲಿ ಬಹಳಷ್ಟು ಜನ ಬರುವುದು ರೋಗ ಬಲಿತ ಮೇಲೆ. ಸಮುದ್ರದ ಕಡೆ ವಾಕಿಂಗ್ ಹೋದಾಗ ಕಾಂಪೌಂಡಿನ ನೆರಳಲ್ಲಿ ಕಾಂಗಾ ಬಟ್ಟೆ ಹಾಸಿಕೊಂಡು ಕಾಯುವ ಹೆಂಗಸರು, ಅವರ ಜೊತೆ ಬಂದ ಹೆಂಗಸರು ಕಾಣುತ್ತಾರೆ. ರೇಡಿಯೇಶನ್ನಿಗೆ ವಾರಗಟ್ಟಲೆ ಬರಬೇಕಲ್ಲ, ದೂರದವರು ಊರಲ್ಲೇ ಎಲ್ಲಾದರೂ ಉಳಿಯಬೇಕು. ಟಾಂಜಾನಿಯಾದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಸಿಟ್ಟು ಬರುವುದು ಯಾಕೆ ಅಂದರೆ ಇದು ಅವಸರದ ರೋಗವಲ್ಲ. ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಶುರುವಾಗಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಎಚ್‌ಐವಿ ಇದ್ದವರಲ್ಲಿ ಮಾತ್ರ ಬೇಗ. ಅವರಿಗೆ ಅಪಾಯ ಆರು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ವರ್ಷದಲ್ಲಿ ಒಂದೆರಡು ಸಲ ನೋಡಿಸಿಕೊಂಡರೂ ಸಿಕ್ಕಿಬೀಳುತ್ತದೆ. ನೋಡುವುದಕ್ಕೆ ದೊಡ್ಡ ಯಂತ್ರವೂ ಬೇಡ. ತೆಳು ವಿನೆಗರ್ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಾದ ನರ್ಸು, ಒಳ್ಳೆಯ ಬೆಳಕು, ಪರದೆ ಇರುವ ಕೋಣೆ ಇದ್ದರೆ ಸಾಕು. ಈ ವಿನೆಗರ್ ಪರೀಕ್ಷೆ ಜೀವ ಉಳಿಸುತ್ತದೆ ಅಂತ ಗಟ್ಟಿ ಪುರಾವೆ ಕೊಟ್ಟಿದ್ದು ನಮ್ಮ ಮುಂಬೈ. ಟಾಟಾ ಮೆಮೋರಿಯಲ್‌ನವರು ಅಲ್ಲಿನ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ವರ್ಷಗಟ್ಟಲೆ ನಡೆಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು 31% ಕಮ್ಮಿ. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ಕೆಲವು ವಾರ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು.

ಲಸಿಕೆಯೂ ಬಂದಿದೆ. ಟಾಂಜಾನಿಯಾ 2018ರಲ್ಲಿ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಶುರು ಮಾಡಿತು. 2024ರಲ್ಲಿ ಅದನ್ನು 9ರಿಂದ 14 ವರ್ಷದವರಿಗೆ ವಿಸ್ತರಿಸಿ ಒಂದೇ ಡೋಸ್ ಸಾಕು ಅಂತ ಮಾಡಿತು. ಪಡ್ಡಕ್ಕನ ಮಗಳಿಗೆ ಶಾಲೆಯಲ್ಲೇ ಚುಚ್ಚಿದ್ದಾರೆ. ಯಾವುದಕ್ಕೆ ಅಂತ ಪಡ್ಡಕ್ಕನಿಗೆ ಗೊತ್ತಿರಲಿಲ್ಲ. ‘ಮುಂದೆ ಮಕ್ಕಳಾಗಲ್ವಂತೆ’ ಅಂತ ಬೀದಿಯಲ್ಲಿ ಯಾರೋ ಹೆದರಿಸಿದ್ದರಂತೆ. "ಆಮೇಲೆ ಚುಚ್ಚಿಸಿಕೊಂಡ ಪಕ್ಕದ್ಮನೆ ಹುಡುಗಿ ಬಸುರಿಯಾದ್ಲು, ನನ್ನ ಹೆದರಿಕೆ ಹೋಯ್ತು" ಅಂದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಆಕೆ ನಕ್ಕರು, ನಾನೂ ನಕ್ಕೆ.

ಬಸಿರು ಅಂದಾಗ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹುಡುಗಿಯ ಕತೆ ಹೇಳಬೇಕು. ಅವಳ ಗಂಡ ಲಾರಿ ಡ್ರೈವರ್. ಬಂದರಿನಿಂದ ಸರಕು ತುಂಬಿಕೊಂಡು ಜಾಂಬಿಯಾ ಕಡೆ ಹೋದರೆ ಯಾವಾಗ ತಿರುಗಿ ಬರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಬಸುರಿಯರ ಮೊದಲ ತಪಾಸಣೆಗೆ ಗಂಡನನ್ನೂ ಕರೆದುಕೊಂಡು ಬಾ ಅಂತ ಇಲ್ಲಿನ ಕ್ಲಿನಿಕ್ಕುಗಳು ಹೇಳುತ್ತವೆ. ಇಬ್ಬರಿಗೂ ಒಟ್ಟಿಗೆ ಎಚ್‌ಐವಿ ಪರೀಕ್ಷೆ ಆಗಲಿ, ಮಗುವಿಗೆ ದಾಟದ ಹಾಗೆ ನೋಡಿಕೊಳ್ಳಬಹುದು ಅಂತ. ಉದ್ದೇಶದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಆದರೆ ಗಂಡ ಜೊತೆಗಿಲ್ಲದವಳು ಏನು ಮಾಡಬೇಕು? ಎಷ್ಟೋ ಕಡೆ ಬೀದಿ ಸರ್ಕಾರದ, ಅಂದರೆ ವಾರ್ಡಿಗಿಂತ ಚಿಕ್ಕ ಸ್ಥಳೀಯ ಕಚೇರಿಯ, ಪತ್ರ ತರಬೇಕು. ಇವಳ ಗಂಡ ಊರಲ್ಲಿಲ್ಲ ಅಂತ ಅಲ್ಲಿನವರು ಬರೆದು ಮೊಹರು ಒತ್ತಿಕೊಡಬೇಕು.

ಅವಳು ಆ ಕಚೇರಿಗೆ ಹೋದಾಗ ಬರೆದುಕೊಡುವವರು ಊಟಕ್ಕೆ ಹೋಗಿದ್ದರಂತೆ. ಇನ್ನೊಂದು ದಿನ ಹೋದಾಗ ಬೆಂಚಿನ ಮೇಲೆ ಕೂತಿದ್ದ ನಾಲ್ಕು ಗಂಡಸರ ಮುಂದೆಯೇ ‘ಎಲ್ಲಿ ಗಂಡ, ಮದುವೆ ಆಗಿದ್ಯೋ ಇಲ್ವೋ’ ಅಂತ ಕೇಳಿದರಂತೆ. ಅವಳು ಪತ್ರ ತಂದಳು, ಕ್ಲಿನಿಕ್ಕಿಗೂ ಹೋದಳು, ಎಲ್ಲ ಸರಿಹೋಯಿತು. ಆದರೆ ಮೊದಲ ಮೂರು ತಿಂಗಳಲ್ಲಿ ಆಗಬೇಕಿದ್ದ ತಪಾಸಣೆ ಐದನೇ ತಿಂಗಳಿಗೆ ಆಯಿತು. ಬೇಗ ಬನ್ನಿ, ಬೇಗ ಬನ್ನಿ ಅನ್ನುವ ಭಿತ್ತಿಪತ್ರ ಅದೇ ಕ್ಲಿನಿಕ್ಕಿನ ಗೋಡೆಯ ಮೇಲಿತ್ತು.

ಹೆರಿಗೆ ಹತ್ತಿರ ಬಂದ ಹಾಗೆ ಅವಳು ಚೀಲ ತುಂಬಿಸುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಹಣ ಇಲ್ಲ, ಸರ್ಕಾರದ ನೀತಿ ಹಾಗೇ ಇದೆ. ಹಾಗಿದ್ದೂ ಬಸುರಿಯರು ಸಾಮಾನು ಹೊತ್ತುಕೊಂಡೇ ಹೋಗುತ್ತಾರೆ. ದಾಸ್ತಾನು ಇರುತ್ತೋ ಇಲ್ವೋ ಅನ್ನೋ ಅನುಮಾನ. ಕೈಗವಸು, ಹತ್ತಿ, ಹೊಸ ಬ್ಲೇಡು, ಹೊಕ್ಕುಳ ಬಳ್ಳಿಗೆ ಹಾಕುವ ಕ್ಲಿಪ್ಪು, ಸಿರಿಂಜು, ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಇವೆಲ್ಲದರ ಮೇಲೆ ಒಗೆದು ಮಡಚಿಟ್ಟ ಕಾಂಗಾಗಳು.

ಕಾಂಗಾ ಇಲ್ಲದೆ ಈ ಕರಾವಳಿಯಲ್ಲಿ ಯಾರೂ ಹುಟ್ಟುವುದಿಲ್ಲ ಅನ್ನಬಹುದು. ತೆಳು ಹತ್ತಿ ಬಟ್ಟೆ, ಜೋಡಿಯಾಗಿ ಮಾರುತ್ತಾರೆ, ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಸುತ್ತ ಅಗಲ ಅಂಚು, ನಡುವೆ ಚಿತ್ತಾರ, ಕೆಳಗೊಂದು ಸಾಲು ಬರಹ. ಎಷ್ಟೋ ಕಾಂಗಾಗಳು ಅಚ್ಚಾಗಿ ಬರುವುದು ಭಾರತದಿಂದಲೇ. ಅಮ್ಮ ಹೆರುವಾಗ ಹಾಸುವುದು, ಕೂಸನ್ನು ಸುತ್ತುವುದು, ಆಮೇಲೆ ಬೆನ್ನಿಗೆ ಕಟ್ಟಿಕೊಳ್ಳುವುದು, ಎಲ್ಲ ಅದರಲ್ಲೇ. ಬರಹದ ಸಾಲು ಒಮ್ಮೊಮ್ಮೆ ದೇವರ ಸ್ತುತಿ, ಒಮ್ಮೊಮ್ಮೆ ಅಮ್ಮನ ಹೊಗಳಿಕೆ, ಬಹಳ ಸಲ ಪಕ್ಕದ ಮನೆಯವಳಿಗೆ ಚುಚ್ಚುಮಾತು. ನಮ್ಮ ಹುಡುಗಿಯ ಚೀಲದಲ್ಲಿದ್ದ ಒಂದರ ಮೇಲೆ ‘ಹೊಟ್ಟೆಕಿಚ್ಚಿನವರಿಗೆ ಕಾರಣ ಬೇಕಿಲ್ಲ’ ಅಂತ ಇತ್ತು. ಹೆರಿಗೆ ವಾರ್ಡಿಗೆ ಯಾರ ಮೇಲಿನ ಸಿಟ್ಟು ಹೊತ್ತುಕೊಂಡು ಹೋಗ್ತೀಯಾ ಅಂದೆ. "ಅತ್ತೆ ಬರ್ತಾರಲ್ಲ ನೋಡೋಕೆ" ಅಂದಳು.

ಹೆತ್ತ ಮೇಲಿನ ನಲವತ್ತು ದಿನದ ಬಗ್ಗೆ ನಾನು ಹೇಳಿದರೆ ನಮ್ಮೂರಿನ ಅಜ್ಜಿಯಂದಿರು ‘ಇದರಲ್ಲಿ ಹೊಸದೇನಿದೆ’ ಅಂದಾರು. ಬಾಣಂತಿ ಹೊರಗೆ ಬರುವ ಹಾಗಿಲ್ಲ. ಕಾಳುಮೆಣಸು ಹಾಕಿದ ಗಂಜಿ ಕುಡಿಸುತ್ತಾರೆ, ಹಾಲು ಬರಲಿ ಅಂತ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹೊಟ್ಟೆ, ಸೊಂಟ ಒತ್ತುತ್ತಾರೆ. ಹೊಟ್ಟೆಗೆ ಕಾಂಗಾ ಬಿಗಿದು ಕಟ್ಟುತ್ತಾರೆ. ನನ್ನ ಅಮ್ಮ ವಿಡಿಯೋ ಕಾಲಿನಲ್ಲಿ ಇದನ್ನು ಕೇಳಿ, "ನೋಡು, ಅಲ್ಲಿಯವರಿಗೆ ಬುದ್ಧಿ ಇದೆ, ನಿನಗೆ ಇರಲಿಲ್ಲ" ಅಂದಳು. ಕುದಿಯುವ ನೀರಿನ ಒತ್ತಡದಿಂದ ಮೈ ಸುಟ್ಟುಕೊಳ್ಳುವವರಿದ್ದಾರೆ, ಹಾಗೆ ಮಾಡಬೇಡಿ ಅಂತ ಡಾಕ್ಟರುಗಳು ಹೇಳುತ್ತಲೇ ಇರುತ್ತಾರೆ. ನನಗೆ ಕಾಣುವ ತೊಂದರೆ ಬೇರೆ. ನಲವತ್ತು ದಿನ ಸಿಗುವುದು ಅಮ್ಮನೋ ಅತ್ತೆಯೋ ಜೊತೆಗಿದ್ದವರಿಗೆ. ಹಳ್ಳಿಯಿಂದ ಬಂದು ಒಂದು ಕೋಣೆ ಬಾಡಿಗೆ ಹಿಡಿದು ಇರುವವಳಿಗೆ ನೀರು ಕಾಯಿಸಿಕೊಡುವವರು ಯಾರು? ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಟೊಮೇಟೊ ಮಾರುವ ಹಸಿ ಬಾಣಂತಿಯರನ್ನು ಕರಿಯಾಕೂ ಮಾರುಕಟ್ಟೆ ಸುತ್ತ ಎಷ್ಟು ಬೇಕಾದರೂ ನೋಡಬಹುದು.

ಆದರೂ ಒಳ್ಳೆಯದಾಗಿಲ್ಲ ಅಂತಲ್ಲ. ಒಂದು ಲಕ್ಷ ಹೆರಿಗೆಗೆ ಎಷ್ಟು ತಾಯಂದಿರು ಸಾಯುತ್ತಾರೆ ಅನ್ನುವ ಲೆಕ್ಕ ಟಾಂಜಾನಿಯಾದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 556 ಇತ್ತು. 2022ರ ಸಮೀಕ್ಷೆಯಲ್ಲಿ 104ಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಹೆರುವವರು ಹೆಚ್ಚಾದರು. ಸಿಸೇರಿಯನ್ ಮಾಡಬಲ್ಲ ಸಣ್ಣ ಆರೋಗ್ಯ ಕೇಂದ್ರಗಳು ಹೆಚ್ಚಾದವು. ಎಂ-ಮಾಮಾ ಅಂತ ಒಂದು ವ್ಯವಸ್ಥೆ ಇದೆ. 115ಕ್ಕೆ ಪುಕ್ಕಟೆ ಫೋನು ಮಾಡಿದರೆ ಆಂಬುಲೆನ್ಸ್ ಕಳಿಸುತ್ತಾರೆ, ಅದು ಸಿಗದಿದ್ದರೆ ಹತ್ತಿರದ ಟ್ಯಾಕ್ಸಿಯವನನ್ನೇ ಕಳಿಸುತ್ತಾರೆ, ಅವನ ದುಡ್ಡನ್ನು ಫೋನಿಗೇ ಹಾಕುತ್ತಾರೆ. ದೇಶದ ಮೊದಲ ಮಹಿಳಾ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ 2022ರಲ್ಲಿ ಇದನ್ನು ಇಡೀ ದೇಶಕ್ಕೆ ವಿಸ್ತರಿಸುವ ಕೆಲಸಕ್ಕೆ ಚಾಲನೆ ಕೊಟ್ಟರು.

ಬಸ್ ಚಾರ್ಜೂ ಚಿಕಿತ್ಸೆಯ ಭಾಗ ಅಂತ ಇದಕ್ಕಿಂತ ಮುಂಚೆಯೇ ಅರ್ಥ ಮಾಡಿಕೊಂಡ ಆಸ್ಪತ್ರೆ ಈ ಊರಲ್ಲಿ ಇದೆ. ಮಸಾಸಾನಿ ಕಡೆ ಇರುವ ಸಿಸಿಬಿಆರ್‌ಟಿ. ಅಂಗವೈಕಲ್ಯ ಇರುವವರಿಗಾಗಿ 1994ರಲ್ಲಿ ಶುರುವಾದ ಸಂಸ್ಥೆ. ಹೆರಿಗೆ ದಿನಗಟ್ಟಲೆ ಎಳೆದಾಗ ಮಗುವಿನ ತಲೆ ಒತ್ತಿ ಮೂತ್ರಕೋಶದ ಗೋಡೆ ಸತ್ತು ತೂತು ಬೀಳುತ್ತದೆ. ಫಿಸ್ಟುಲಾ ಅನ್ನುತ್ತಾರೆ. ಮಗು ಬಹುಪಾಲು ಉಳಿಯುವುದಿಲ್ಲ. ಅಮ್ಮ ಉಳಿದರೆ ಹಗಲೂ ರಾತ್ರಿ ಮೂತ್ರ ಸೋರುತ್ತಲೇ ಇರುತ್ತದೆ. ವಾಸನೆಗೆ ಗಂಡ ದೂರ ಇಡುತ್ತಾನೆ, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ಆಪರೇಶನ್ ಮಾಡಿದರೆ ಬಹಳಷ್ಟು ಜನರಿಗೆ ವಾಸಿಯಾಗುತ್ತದೆ. ಸಿಸಿಬಿಆರ್‌ಟಿಯಲ್ಲಿ ಆಪರೇಶನ್ನಿಗೆ ದುಡ್ಡು ತಗೊಳ್ಳುವುದಿಲ್ಲ. ಆದರೂ ದೂರದ ಜಿಲ್ಲೆಗಳಿಂದ ಹೆಂಗಸರು ಬರುತ್ತಿರಲಿಲ್ಲ. ಬಸ್ಸಿಗೆ ದುಡ್ಡಿಲ್ಲ, ಅಷ್ಟೇ.

2009ರಲ್ಲಿ ಆಸ್ಪತ್ರೆಯವರು ಎಂ-ಪೆಸಾ ಹಿಡಿದರು. ಮೊಬೈಲಿನಲ್ಲಿ ದುಡ್ಡು ಕಳಿಸುವುದು ಇಲ್ಲಿ ಆಗಲೇ ಶುರುವಾಗಿತ್ತು. ಅಲ್ಲಲ್ಲಿ ಊರಿನ ನಂಬಿಕಸ್ತರನ್ನು ಗೊತ್ತು ಮಾಡಿದರು. ಅವರು ಇಂಥ ಹೆಂಗಸನ್ನು ಗುರುತಿಸಿ ಆಸ್ಪತ್ರೆಗೆ ಫೋನು ಮಾಡುತ್ತಾರೆ. ಆಸ್ಪತ್ರೆ ಬಸ್ ಚಾರ್ಜನ್ನು ಅವರ ಮೊಬೈಲಿಗೆ ಹಾಕುತ್ತದೆ. ಅವರು ಟಿಕೆಟ್ ತೆಗೆಸಿ ಬಸ್ ಹತ್ತಿಸುತ್ತಾರೆ. ಆಕೆ ದಾರ್‌ಗೆ ಬಂದು ಇಳಿದ ಮೇಲೆ ಕಳಿಸಿಕೊಟ್ಟವರಿಗೂ ಒಂದಿಷ್ಟು ದುಡ್ಡು ಸೇರುತ್ತದೆ. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಆಪರೇಶನ್ನಿಗೆ ಬರುವವರು ಹೆಚ್ಚಾದರು. ವಾಸಿಯಾದ ಹೆಂಗಸರಿಗೆ ಹೊಲಿಗೆ, ಬಟ್ಟೆ ಅಚ್ಚು ಹಾಕುವುದು ಕಲಿಸಲು ಮಬಿಂಟಿ ಅನ್ನುವ ಕೇಂದ್ರವನ್ನೂ ಅವರೇ ಮಾಡಿದರು. ಬರೀ ತೂತು ಹೊಲಿದು ಕಳಿಸಿದರೆ ಅವಳು ಹೋಗುವುದಾದರೂ ಯಾವ ಮನೆಗೆ?

ಫಿಸ್ಟುಲಾ ಆಗುವವರಲ್ಲಿ ಇನ್ನೂ ಮೈ ಬಲಿಯದ ಹುಡುಗಿಯರು ಇರುತ್ತಾರೆ. ಇಲ್ಲಿನ 1971ರ ಮದುವೆ ಕಾನೂನು 15ಕ್ಕೆ ಹುಡುಗಿಯ ಮದುವೆಗೆ ದಾರಿ ಬಿಟ್ಟಿತ್ತು, ಅಪ್ಪ ಅಮ್ಮ ಒಪ್ಪಿದರೆ ಸಾಕು. ರೆಬೆಕಾ ಗ್ಯೂಮಿ ಅನ್ನುವ ಯುವ ವಕೀಲೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 2016ರಲ್ಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಸರ್ಕಾರದ ಮೇಲ್ಮನವಿ 2019ರಲ್ಲಿ ಬಿದ್ದುಹೋಯಿತು. ಬಸುರಿಯಾದ ಹುಡುಗಿಯರನ್ನು ಶಾಲೆಯಿಂದ ಆಚೆ ಹಾಕುವ ಪದ್ಧತಿ 2021ರ ಕೊನೆಗೆ ನಿಂತು, ಹೆತ್ತ ಮೇಲೆ ವಾಪಸ್ ಬರಬಹುದು ಅಂತಾಯಿತು.

ಕರಿಯಾಕೂ ಅಂದೆನಲ್ಲ, ಅಲ್ಲಿ ಸಾಂಬಾರ ಪದಾರ್ಥದ ಪಕ್ಕದಲ್ಲೇ ಮಣ್ಣು ಮಾರುತ್ತಾರೆ. ತಿನ್ನುವ ಮಣ್ಣು. ಬೆರಳುದ್ದದ ಕಡ್ಡಿಗಳಾಗಿ ಮಾಡಿ ಒಣಗಿಸಿರುತ್ತಾರೆ, ಬಸುರಿಯರು ಕೊಂಡುಕೊಂಡು ಕಡಿಯುತ್ತಾರೆ. ನಮ್ಮಲ್ಲಿ ಬಸುರಿಯರು ಬಳಪವನ್ನೋ, ಒಲೆಗೋಡೆಯ ಮಣ್ಣನ್ನೋ ಕದ್ದು ತಿನ್ನುತ್ತಿದ್ದರಲ್ಲ, ಇಲ್ಲಿ ಅದು ರಾಜಾರೋಷ. ರಕ್ತ ಕಮ್ಮಿ ಇದ್ದವರಿಗೆ ಈ ಆಸೆ ಹೆಚ್ಚು ಅಂತ ಡಾಕ್ಟರುಗಳು ಗಮನಿಸಿದ್ದಾರೆ. ಮಣ್ಣು ತಿಂದರೆ ಊಟದ ಕಬ್ಬಿಣಾಂಶ ಮೈಗೆ ಹತ್ತುವುದು ಇನ್ನೂ ಕಮ್ಮಿಯಾಗಬಹುದು ಅಂತಲೂ ಹೇಳುತ್ತಾರೆ. 2015–16ರಲ್ಲಿ ಟಾಂಜಾನಿಯಾದ ಹೆಂಗಸರಲ್ಲಿ 45% ಜನಕ್ಕೆ ರಕ್ತಹೀನತೆ ಇತ್ತು. ಪಾಪ ಆಫ್ರಿಕಾ ಅನ್ನುವ ಮುಂಚೆ ನಮ್ಮದೂ ನೋಡಿ. 2019–20ರಲ್ಲಿ ಕರ್ನಾಟಕದಲ್ಲಿ 47.8%.

ಸ್ಯಾನಿಟರಿ ಪ್ಯಾಡಿನ ಮೇಲಿನ ತೆರಿಗೆ ತೆಗೆದಿದ್ದೂ ಭಾರತ, ಟಾಂಜಾನಿಯಾ ಒಂದೇ ವರ್ಷ, 2018ರಲ್ಲಿ. ಇಲ್ಲಿ ಅಂಗಡಿಯವರು ಬೆಲೆ ಇಳಿಸಲಿಲ್ಲ ಅಂತ ಮರುವರ್ಷವೇ ತೆರಿಗೆ ವಾಪಸ್ ಹಾಕಿದರು. ಬೆಲೆ ಇಳಿಸದವನು ಅಂಗಡಿಯವನು, ದಂಡ ಕಟ್ಟುವವಳು ಹುಡುಗಿ!

ಇಲ್ಲಿ ಹೆಂಗಸರು ಮೈಯ ಬಗ್ಗೆ ಮಾತೇ ಆಡುವುದಿಲ್ಲ ಅಂದುಕೊಂಡರೆ ಅದೂ ತಪ್ಪು. ಮದುವೆಗೆ ಮುಂಚೆ ಕಿಚನ್ ಪಾರ್ಟಿ ಅಂತ ನಡೆಯುತ್ತದೆ. ಬರೀ ಹೆಂಗಸರು. ಎಲ್ಲರೂ ಒಂದೇ ಥರದ ಬಟ್ಟೆ ಹೊಲಿಸಿಕೊಂಡು, ಪಾತ್ರೆ ಪಗಡಗಳ ಉಡುಗೊರೆ ಹಿಡಿದು ಬರುತ್ತಾರೆ. ಅನುಭವಸ್ಥ ಹೆಂಗಸೊಬ್ಬಳು ಮದುವಣಗಿತ್ತಿಗೆ ಸಂಸಾರದ ಪಾಠ ಹೇಳುತ್ತಾಳೆ, ಮುಚ್ಚುಮರೆ ಇಲ್ಲದೆ. ನಮ್ಮ ಕಟ್ಟಡದವರ ಮಗಳ ಪಾರ್ಟಿಗೆ ನಾನೂ ಹೋಗಿದ್ದೆ. ಆ ಮಾತುಗಳನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗಿಲ್ಲ. ಗಂಡನನ್ನು ಹೇಗೆ ಖುಷಿಯಾಗಿಡಬೇಕು ಅನ್ನುವುದು ಗಂಟೆಗಟ್ಟಲೆ ನಡೆಯಿತು. ನೋವಾದರೆ, ರಕ್ತ ಬಂದರೆ ಯಾರ ಹತ್ತಿರ ಹೋಗಬೇಕು ಅನ್ನೋದು ಬರಲೇ ಇಲ್ಲ. ಅಷ್ಟು ಜನ ಕಲಿತ ಹೆಂಗಸರು, ಅಷ್ಟು ಬಿಚ್ಚುಮಾತು, ಒಂದು ನರ್ಸನ್ನು ಕರೆಸಿ ಐದು ನಿಮಿಷ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನನಗೆ ಅನ್ನಿಸಿದ್ದು ಹೌದು.

ಪಡ್ಡಕ್ಕ ಕೊನೆಗೂ ಹೋದರು. ನಾನು ಬುದ್ಧಿ ಹೇಳಿದ್ದಕ್ಕಲ್ಲ. ಆಕೆಯ ಉಪಾಟು ಸರದಿ ಬಂತು. ಉಪಾಟು ಅಂದರೆ ನಮ್ಮ ಚೀಟಿ. ವಾರ ವಾರ ಎಲ್ಲರೂ ಇಷ್ಟಿಷ್ಟು ಹಾಕಿ ಒಬ್ಬೊಬ್ಬರಾಗಿ ಎತ್ತಿಕೊಳ್ಳುವುದು. ಕೈಗೆ ಗಂಟು ಬಂದ ಮೇಲೆ ನಾದಿನಿಗೆ ವಿಷಯ ಹೇಳಿ ಹಂಚು ಒಪ್ಪಿಸಿದರು. ನಾದಿನಿ ಹಾಕಿದ ವಿಟುಂಬುವಾ ಒಳಗೆ ಹಸಿ, ಹೊರಗೆ ಕರಿ. ಗಿರಾಕಿಗಳು ಗೊಣಗುತ್ತಲೇ ತಿಂದರು.

ಒಂದು ಸಲ ಹೋದರೆ ಮುಗಿಯಲಿಲ್ಲ. ಆರೋಗ್ಯ ಕೇಂದ್ರದಲ್ಲಿ ವಿನೆಗರ್ ಹಚ್ಚಿ ನೋಡಿದ ನರ್ಸು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಹಾಕಿದರು. ಫಲಿತಾಂಶಕ್ಕೆ ಇನ್ನೊಂದು ದಿನ ಬಾ ಅಂದರು. ಕ್ಯಾನ್ಸರ್ ಆಗಿಲ್ಲ, ಆಗುವುದಕ್ಕೆ ಮುಂಚಿನ ಹಂತ. ಮತ್ತೊಂದು ದಿನ ಕರೆಸಿ, ಬಿಸಿ ತಂತಿಯ ಕುಣಿಕೆಯಿಂದ ಆ ಭಾಗವನ್ನು ತೆಗೆದುಹಾಕಿದರು. ಕೆಲವು ವಾರ ಗಂಡನಿಂದ ದೂರ ಇರಬೇಕು ಅಂದಾಗ ಪಡ್ಡಕ್ಕ ನರ್ಸಿಗೆ ಹೇಳಿದ್ದು, "ಅದನ್ನ ಕಾರ್ಡಿನ ಮೇಲೆ ಬರೆದುಕೊಡಿ, ನಾನು ಹೇಳಿದರೆ ನಂಬಲ್ಲ". ನರ್ಸು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದರಂತೆ. ಭಾರ ಎತ್ತಬೇಡ ಅನ್ನುವುದನ್ನೂ ಬರೆದಿದ್ದರು. ನೀರಿನ ಕ್ಯಾನು ಹೊರುವುದು ಇನ್ಯಾರು ಅಂತ ಆಕೆ ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ಆಕೆಯ ಜಗಳ ಬೇರೆ ಕಡೆ ನಡೆದಿದೆ. ಉಪಾಟುವಿನ ಜೊತೆಗೆ ಆಕೆ ಒಂದು ವಿಕೋಬಾ ಗುಂಪಿನಲ್ಲೂ ಇದ್ದಾರೆ. ನಮ್ಮ ಸ್ವಸಹಾಯ ಸಂಘದ ಹಾಗೆ ಉಳಿತಾಯ, ಸಾಲ ನಡೆಸುವ ಗುಂಪು. ಅದರಲ್ಲಿ ಕಷ್ಟಕ್ಕೆ ಅಂತ ಒಂದು ನಿಧಿ ಇರುತ್ತದೆ. ಮನೆಯಲ್ಲಿ ಸಾವಾದರೆ ಅದರಿಂದ ಕೊಡುತ್ತಾರೆ. ಆಸ್ಪತ್ರೆಗೆ ಸೇರಿಸಿದರೆ ಕೊಡುತ್ತಾರೆ. ಎದ್ದು ಓಡಾಡುತ್ತಿರುವವಳು ಪರೀಕ್ಷೆಗೆ ಅಂತ ಒಂದು ದಿನ ಒಲೆ ಆರಿಸಿದರೆ ಕೊಡುವುದಿಲ್ಲ. ಪಡ್ಡಕ್ಕ ಇದನ್ನು ಎತ್ತಿದ್ದಾರೆ. ವರ್ಷಕ್ಕೊಂದು ಸಲ, ಕಾರ್ಡು ತೋರಿಸಿದವರಿಗೆ, ಒಂದು ದಿನದ ದುಡಿಮೆಯಷ್ಟು ಕೊಡಬೇಕು ಅಂತ ಆಕೆಯ ವಾದ. ಲೆಕ್ಕ ಇಡುವಾಕೆ ಒಪ್ಪುತ್ತಿಲ್ಲ. ಹೀಗೆ ಕೊಡುತ್ತಾ ಹೋದರೆ ಎಲ್ಲರಿಗೂ ಒಂದೊಂದು ಪರೀಕ್ಷೆ ಹುಟ್ಟಿಕೊಳ್ಳುತ್ತದೆ, ನಿಧಿ ಬರಿದಾಗುತ್ತದೆ, ಆಮೇಲೆ ಯಾರಾದರೂ ಸತ್ತರೆ ಹೆಣದ ಬಟ್ಟೆಗೂ ದುಡ್ಡಿರಲ್ಲ ಅಂತ ಆಕೆ ಹೇಳುವುದೂ ಸುಳ್ಳಲ್ಲ. ಮೀನು ಹುರಿದು ಮಾರುವ ಇಬ್ಬರು ಪಡ್ಡಕ್ಕನ ಕಡೆ, ಹೊಲಿಗೆಯವರು ಲೆಕ್ಕದಾಕೆಯ ಕಡೆ. ಹೋದ ಸಭೆಯಲ್ಲಿ ತೀರ್ಮಾನ ಆಗಲಿಲ್ಲ. ಬರುವ ಭಾನುವಾರ ಮತ್ತೆ ಕೂರುತ್ತಾರಂತೆ, ಆಸ್ಪತ್ರೆಯ ಕಾರ್ಡು ತಗೊಂಡು ಹೋಗ್ತೀನಿ ಅಂದಿದ್ದಾರೆ ಪಡ್ಡಕ್ಕ.